ಭಾನುವಾರದ ಬಯಾಲಜಿ ಬ್ಯಾಚು

ಪಿಯು ಕಾಲೇಜಿಗೆ ಹೊಸದಾಗಿ ಸೇರಿದ ಜೀವಶಾಸ್ತ್ರದ ಉಪನ್ಯಾಸಕರು ಸಿಕ್ಕರೆ ನಾನು ಮೊದಲು ಕೇಳುವುದು, ಭಾನುವಾರ ಏನು ಮಾಡುತ್ತೀರಿ ಅಂತ. ಅವರು ನಗುತ್ತಾರೆ. ನಿವೃತ್ತಳಾದ ಮುದುಕಿಗೆ ಹೊತ್ತು ಹೋಗುತ್ತಿಲ್ಲ ಎಂದುಕೊಳ್ಳುತ್ತಾರೆ. ಹೊತ್ತು ಚೆನ್ನಾಗಿಯೇ ಹೋಗುತ್ತಿದೆ. ಆದರೆ ಮೂವತ್ತೊಂದು ವರ್ಷದ ನೌಕರಿಯಲ್ಲಿ ನನ್ನ ಕೆಲಸ ಎಂಥದ್ದು ಎಂದು ನನಗೆ ಗೊತ್ತಾದದ್ದು ಕೊನೆಯ ಕೆಲವು ವರ್ಷಗಳ ಭಾನುವಾರಗಳಲ್ಲಿ. ಬಡ್ತಿ, ಸನ್ಮಾನ, ಶಾಲು ಇವನ್ನೆಲ್ಲ ಬೇರೆಯವರು ಬರೆದುಕೊಳ್ಳಲಿ. ನಾನು ಆ ಭಾನುವಾರಗಳ ಬಗ್ಗೆ ಬರೆಯುತ್ತೇನೆ.

ಹೊಸಪೇಟೆಯ ನಮ್ಮ ಕಾಲೇಜಿನಲ್ಲಿ ಮುಕ್ತ ಶಾಲೆಯ ಅಧ್ಯಯನ ಕೇಂದ್ರವೊಂದು ಶುರುವಾಯಿತು. ಭಾನುವಾರ ಬೆಳಗ್ಗೆ ಒಂಬತ್ತರಿಂದ ಒಂದರವರೆಗೆ ತರಗತಿ. ಶಾಲೆ ಬಿಟ್ಟ ಹುಡುಗರು ಬರುತ್ತಾರೆಂದು ನಾನು ಎಣಿಸಿದ್ದೆ. ಬಂದವರು ಡಿಗ್ರಿ ಮುಗಿಸಿದವರು! ಬಿ.ಎ., ಬಿ.ಕಾಂ., ಬಿ.ಎಸ್ಸಿ. ಎಲ್ಲ ಆಗಿ, ನೌಕರಿಯನ್ನೂ ಹಿಡಿದು, ಆಮೇಲೆ ಡಾಕ್ಟರಾಗಬೇಕಿತ್ತು ಎಂದು ಹೊಳೆದವರು. ಮೆಡಿಕಲ್ ಎಂಟ್ರೆನ್ಸ್ ಬರೆಯಬೇಕಾದರೆ ಪಿಯುಸಿ ಮಟ್ಟದಲ್ಲಿ ಬಯಾಲಜಿ ಪಾಸಾಗಿರಬೇಕು, ಪ್ರಾಕ್ಟಿಕಲ್ ಸಮೇತ. ಹೀಗೆ ತಡವಾಗಿ ಬಯಾಲಜಿ ಓದಿದವರನ್ನು ಮೊದಲು ತೆಗೆದುಕೊಳ್ಳುತ್ತಿರಲಿಲ್ಲ, ಆಮೇಲೆ ನಿಯಮ ಸಡಿಲವಾಯಿತು. ಸಡಿಲವಾದ ಸುದ್ದಿ ತಿಳಿದವರೆಲ್ಲ ನನ್ನ ಲ್ಯಾಬಿನ ಸ್ಟೂಲುಗಳ ಮೇಲೆ ಬಂದು ಕುಳಿತರು. ಕೆಲವರಿಗೆ ತಲೆ ನರೆಯತೊಡಗಿತ್ತು.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಬಯಾಲಜಿ ಪ್ರಾಕ್ಟಿಕಲ್ ಅಂದರೆ ಕಪ್ಪೆ. ನಮ್ಮ ಅಟೆಂಡರ್ ಹನುಮಂತಪ್ಪ ಕಂಪ್ಲಿಯವನು. ಅಲ್ಲಿನ ಭತ್ತದ ಗದ್ದೆಗಳಿಂದ ಕೊಡದ ತುಂಬ ಕಪ್ಪೆ ಹಿಡಿದು, ಬಾಯಿಗೆ ಬಟ್ಟೆ ಕಟ್ಟಿ, ಮೊದಲ ಬಸ್ಸಿಗೆ ತರುತ್ತಿದ್ದ. ಒಮ್ಮೆ ಬಟ್ಟೆ ಬಿಚ್ಚಿಹೋಗಿ ಬಸ್ಸಿನ ತುಂಬ ಕಪ್ಪೆಯಾಗಿ, ಕಂಡಕ್ಟರು ಇವನನ್ನೂ ಕೊಡವನ್ನೂ ನಡುದಾರಿಯಲ್ಲಿ ಇಳಿಸಿದ್ದುಂಟು. ಆಮೇಲೆ ಕಪ್ಪೆ ಕೊಯ್ಯುವುದು ನಿಂತಿತು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕಪ್ಪೆಯ ಜೊತೆಗೆ ನೋಡುವುದೂ ನಿಂತುಹೋಯಿತು. ಗೋಡೆಗೆ ಚಾರ್ಟು ಬಂತು, ಆಮೇಲೆ ಮೊಬೈಲಿನ ವಿಡಿಯೊ ಬಂತು. ಹುಡುಗರು ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕ ತಂದು, ಚಿತ್ರದಿಂದ ಚಿತ್ರ, ಫಲಿತಾಂಶದಿಂದ ಫಲಿತಾಂಶ ಇಳಿಸಿಕೊಳ್ಳತೊಡಗಿದರು. ಪರೀಕ್ಷೆ ಹತ್ತಿರವಾದಾಗ ನನ್ನ ಮೇಜಿನ ಮೇಲೆ ರೆಕಾರ್ಡುಗಳ ರಾಶಿ. ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಕೆಂಪು ಪೆನ್ನು. ಹಾಳೆ ತಿರುವು, ಸಹಿ ಹಾಕು. ಎಲ್ಲ ಕಾಲೇಜಿನಲ್ಲೂ ಹೀಗೇ ನಡೆಯುತ್ತಿತ್ತು. ಅದು ತಪ್ಪು ಎಂದು ನನಗೆ ಅನ್ನಿಸಿಯೂ ಇರಲಿಲ್ಲ.

ಭಾನುವಾರದವರಲ್ಲಿ ಪಂಪಾಪತಿ ಎಂಬವನಿದ್ದ. ಕಡ್ಡಿರಾಂಪುರದವನು, ಹಂಪಿಯಲ್ಲಿ ಗೈಡು, ಇತಿಹಾಸದ ಬಿ.ಎ. ಮೂವತ್ತೆರಡನೆಯ ವಯಸ್ಸಿನಲ್ಲಿ ಫಿಸಿಕ್ಸು, ಕೆಮಿಸ್ಟ್ರಿ, ಬಯಾಲಜಿ ಮೂರನ್ನೂ ಒಟ್ಟಿಗೆ ಹೊತ್ತುಕೊಂಡಿದ್ದ. ಒಮ್ಮೆ ಹೃದಯದ ಮಾದರಿಯನ್ನು ಅವನ ಕೈಗೆ ಕೊಟ್ಟು ರಕ್ತ ಹರಿಯುವ ದಾರಿ ಹೇಳೆಂದೆ. ಅವನು ಎದ್ದು ನಿಂತು, ಅಂಗಿ ಸರಿಮಾಡಿಕೊಂಡು, ಎಡಗೈ ಚಾಚಿದ.

"ಎಲ್ಲಾರೂ ಹಿಂಗ ಬರ್ರಿ. ಈಗ ನಾವು ಬಲಗಡಿ ಮ್ಯಾಲಿನ ಕೋಣಿಯಾಗ ಅದೀವಿ. ಇದರ ಮುಂದ ಕಾಣ್ತೈತಲ್ರಿ, ಅದು ಮೂರು ಎಸಳಿನ ಬಾಗಲಾ. ಒಳಗ ಹೋಗಾಕ ಅಷ್ಟ ದಾರಿ, ಹೊಳ್ಳಿ ಬರಂಗಿಲ್ಲ. ಫೋಟೋ ತಗೊಳ್ಳೋರು ಇಲ್ಲೇ ತಗೊಂಡಬಿಡ್ರಿ."

ನಾನು ನಕ್ಕು ಕಣ್ಣೊರೆಸಿಕೊಂಡೆ. ಒಂದು ಮಾತೂ ತಪ್ಪಿರಲಿಲ್ಲ. ಅವನಿಗೆ ಫಿಸಿಕ್ಸ್ ಕೊನೆಗೂ ಒಲಿಯಲಿಲ್ಲ, ಈಗಲೂ ಗೈಡೇ. ಅವನನ್ನು ಈ ಕಥೆಗೆ ಮುಂದೆ ಮತ್ತೊಮ್ಮೆ ಕರೆಯಬೇಕಾಗುತ್ತದೆ.

ಶಿವಲೀಲಾ ಬಂದದ್ದು ಮರುವರ್ಷದ ಬ್ಯಾಚಿಗೆ, ಅಣ್ಣನ ಬೈಕಿನ ಹಿಂದೆ ಕುಳಿತು. ಊರು ಗಣಿ ಧೂಳಿನ ಸಂಡೂರು ತಾಲೂಕಿನ ವಡ್ಡು. ಪಿಯುಸಿಯಲ್ಲಿ ಗಣಿತ ತೆಗೆದುಕೊಂಡು, ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮುಗಿಸಿ, ಅದಿರು ಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿ ಮೂರು ವರ್ಷದಿಂದ ಕೆಲಸಕ್ಕಿದ್ದಳು. ಇಪ್ಪತ್ತೈದು ವಯಸ್ಸು. ಬಯಾಲಜಿಯೊಂದೇ ಬಾಕಿ. ಒಳ್ಳೆ ಕೆಲಸ ಇದ್ದೂ ಈ ಉಸಾಬರಿ ಯಾಕೆ ಎಂದು ನಾನು ಎಲ್ಲರನ್ನೂ ಕೇಳುವ ಹಾಗೆ ಅವಳನ್ನೂ ಕೇಳಿದೆ.

"ಮಣ್ಣಾಗ ಎಷ್ಟು ಕಬ್ಬಿಣ ಐತಿ ಅಂತ ನಾ ದಿನಾ ನೋಡತೀನ್ರಿ ಮೇಡಂ," ಅಂದಳು. "ನಮ್ಮ ಮಂದಿ ಎದಿಯಾಗ ಎಷ್ಟು ಮಣ್ಣೈತಿ ಅಂತ ನೋಡೋರು ಯಾರರ ಬೇಕಲ್ರಿ."

ಅಣ್ಣ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದವನು. ಬಾಗಿಲಲ್ಲೇ ನಿಂತು ತನ್ನ ಮಾತು ಹೇಳಿದ. "ಎರಡು ವರ್ಷ ಅಷ್ಟ ರೀ ಮೇಡಂ. ಗಂಡಿನ ಕಡ್ಯಾರು ಅಷ್ಟ ಕಾಯ್ತೀವಿ ಅಂದಾರ. ಆಮ್ಯಾಲೆ ನಾನೂ ಏನೂ ಮಾಡಾಕ ಬರಂಗಿಲ್ಲ."

ಲೆಕ್ಕ ಸರಳವಾಗಿತ್ತು. ಮೊದಲ ವರ್ಷವೇ ಬಯಾಲಜಿ ಮುಗಿಸಿದರೆ ಎಂಟ್ರೆನ್ಸ್ ಎರಡು ಸಲ ಬರೆಯಬಹುದು. ಮೊದಲ ಸಲದಲ್ಲೇ ಸರಕಾರಿ ಸೀಟು ಹಿಡಿಯುವವರು ಕಡಿಮೆ. ಎರಡನೆಯ ಸಲ ಬರೆದವರು ಸುಧಾರಿಸುತ್ತಾರೆ. ಅವಳಿಗೆ ಆ ಎರಡನೆಯ ಸಲ ಬೇಕೇ ಬೇಕಿತ್ತು.

ಓದಿನಲ್ಲಿ ಚುರುಕು. ಆದರೆ ಲ್ಯಾಬಿನಲ್ಲಿ ಅವಳನ್ನು ಕಂಡರೆ ನನಗೆ ಕಿರಿಕಿರಿ. ಟೆಸ್ಟ್‌ಟ್ಯೂಬನ್ನು ತೊಳೆದದ್ದನ್ನೇ ತೊಳೆಯುವಳು. ಥರ್ಮಾಮೀಟರು ಸರಿಯಿದೆಯೇ ಎಂದು ಕೇಳುವಳು. ಸೂಕ್ಷ್ಮದರ್ಶಕದ ಕನ್ನಡಿ ಒಡೆದಿದೆ ಎಂದು ಚೀಟಿ ಬರೆದು ಕೊಡುವಳು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಇಡೀ ಕಾಲೇಜಿಗೆ ಗೊತ್ತಿದ್ದ ವಿಷಯ. ಪ್ರಿನ್ಸಿಪಾಲರೇ ನನ್ನ ಹತ್ತಿರ ಮಾತಾಡುವ ಮುಂಚೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಅದನ್ನು ನಾನು ಗೌರವ ಎಂದು ತಿಳಿದಿದ್ದೆ.

ಪಿಷ್ಟದ ಪರೀಕ್ಷೆ ನಿಮಗೆ ಗೊತ್ತಿರುತ್ತದೆ, ಏಳನೇ ತರಗತಿಯ ಮಗುವಿಗೂ ಗೊತ್ತು. ಆಲೂಗಡ್ಡೆಯ ರಸಕ್ಕೆ ಎರಡು ಹನಿ ಅಯೋಡಿನ್ ಹಾಕಿದರೆ ಕಡುನೀಲಿ ಬಣ್ಣ ಬರುತ್ತದೆ, ಪಿಷ್ಟ ಇದೆ ಎಂದು ಅರ್ಥ. ರೆಕಾರ್ಡುಗಳ ರಾಶಿಗೆ ಸಹಿ ಹಾಕುತ್ತ ಶಿವಲೀಲಾಳ ಪುಸ್ತಕಕ್ಕೆ ಬಂದಾಗ ಆ ಹಾಳೆಯಲ್ಲಿ ನನ್ನ ಪೆನ್ನು ನಿಂತಿತು. "ಬಣ್ಣ ಬದಲಾಗಲಿಲ್ಲ. ದ್ರಾವಣವನ್ನು ಪರೀಕ್ಷಿಸಬೇಕು" ಎಂದು ಅಚ್ಚುಕಟ್ಟಾಗಿ ಬರೆದಿದ್ದಳು. ನಾನು ಕೆಂಪು ಗೀಟು ಎಳೆದು ಅವಳನ್ನು ಕರೆದೆ. ಉಳಿದವರೆಲ್ಲ ಅಲ್ಲೇ ಇದ್ದರು.

"ಏನಿದು?"

"ಕಂಡದ್ದು ಬರದೀನ್ರಿ ಮೇಡಂ."

"ಎಲ್ಲಾರಿಗೂ ನೀಲಿ ಬಂದೈತಿ. ನಿನಗೊಬ್ಬಾಕಿಗೆ ಬಂದಿಲ್ಲೇನು?"

"ಯಾರಿಗೂ ಬಂದಿಲ್ರಿ. ಎಲ್ಲಾರೂ ಬರದಾರ, ಅಷ್ಟ."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

"ಮತ್ತೊಮ್ಮೆ ಮಾಡಿ ನೋಡೂಣ್ರಿ," ಅಂದಳು ಅವಳು, ಮೆತ್ತಗೆ. "ನಿಮ್ಮ ಮುಂದ ಮಾಡತೀನಿ. ನೀಲಿ ಬಂದ್ರ ನೀಲಿ ಅಂತ ಬರೀತೀನಿ. ನಮ್ಮ ಲ್ಯಾಬಿನಾಗ ಕಾಣದ್ದು ಬರದ್ರ ಮನಿಗೆ ಕಳಸ್ತಾರ್ರಿ."

"ಇದು ನಿಮ್ಮ ಲ್ಯಾಬಲ್ಲ. ನೀ ಹುಟ್ಟೋ ಮುಂಚಿಂದ ನಾ ಪಾಠ ಮಾಡಾಕ ಹತ್ತೀನಿ. ಆ ಹಾಳಿ ಹರದು ಹೊಸಾದು ಬರಕೊಂಡು ಬಾ. ಅಲ್ಲೀಮಟ ಸಹಿ ಇಲ್ಲ."

ಎರಡು ನಿಮಿಷದ ಕೆಲಸ. ಬಾಟಲಿ ನನ್ನ ಹಿಂದಿನ ಕಪಾಟಿನಲ್ಲೇ ಇತ್ತು. ನಾನು ಏಳಲಿಲ್ಲ. ಸಹಿಯಿಲ್ಲದ ರೆಕಾರ್ಡಿನವರಿಗೆ ಪ್ರಾಕ್ಟಿಕಲ್ ಪರೀಕ್ಷೆಗೆ ಪ್ರವೇಶವಿಲ್ಲ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಪರೀಕ್ಷೆಯ ಹಿಂದಿನ ದಿನ ಮತ್ತೆ ಬಂದಳು. ಬರೆದು ತಂದೆಯಾ ಎಂದು ಕೇಳಿದೆ, ಇಲ್ಲ ಎಂದಳು. "ಹಂಗಾದ್ರ ನಾಳೆ ಬರೋದು ಬ್ಯಾಡ" ಎಂದು ಹೇಳಿ ಬೇರೆ ಪುಸ್ತಕ ತೆರೆದೆ. ಅವಳು "ಆಯ್ತ್ರಿ" ಎಂದು ಹೋದಳು. ಹೇಗೂ ಬಗ್ಗುತ್ತಾಳೆ, ಬೆಳಗ್ಗೆ ಬರೆದುಕೊಂಡು ಬರುತ್ತಾಳೆ ಎಂದು ನಾನು ನಂಬಿದ್ದೆ.

ಪರೀಕ್ಷೆಯ ದಿನ ಗೇಟಿಗೆ ಬೀಗ, ವಾಚ್‌ಮನ್ ಕೈಯಲ್ಲಿ ಹೆಸರುಗಳ ಪಟ್ಟಿ. ಹೊರಗಿನಿಂದ ಬಂದ ಪರೀಕ್ಷಕರು ಸಣಕಲು ಮನುಷ್ಯ, ನಿವೃತ್ತಿಗೆ ಹತ್ತಿರವಾದವರು. ಸಾಮಾನ್ಯವಾಗಿ ಹೊರಗಿನ ಪರೀಕ್ಷಕರು ನನ್ನಂಥವರೇ, ಕುರ್ಚಿಯಲ್ಲಿ ಕುಳಿತು ಉತ್ತರ ಪತ್ರಿಕೆ ತಿರುವುವವರು. ಇವರು ಮೇಜಿನಿಂದ ಮೇಜಿಗೆ ನಡೆದು ಪ್ರತಿ ಟ್ಯೂಬನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಪಂಪಾಪತಿ ಎರಡನೆಯ ಸಲ ಪರೀಕ್ಷೆಗೆ ಕಟ್ಟಿದ್ದ. ಚೀಟಿ ಎತ್ತಿದಾಗ ಅವನಿಗೆ ಬಂದದ್ದು ಪಿಷ್ಟದ ಪರೀಕ್ಷೆ. ಪರೀಕ್ಷಕರು ಅವನ ಪಕ್ಕ ನಿಂತು ಉತ್ತರ ಪತ್ರಿಕೆ ಓದಿದರು, ಟ್ಯೂಬು ನೋಡಿದರು.

"ನೀಲಿ ಎಲ್ಲೈತ್ರಿ ಇದರಾಗ?"

ಪಂಪಾಪತಿ ಗೈಡಿನ ರೂಢಿಯ ಮಾತನ್ನೇ ಆಡಿದ. "ಈಗ ಇಲ್ರಿ ಸರ್. ಹಿಂದಕ ಇತ್ತಂತ."

ಪರೀಕ್ಷಕರು ನಗಲಿಲ್ಲ. ಕಪಾಟಿನಿಂದ ಅಯೋಡಿನ್ ಬಾಟಲಿ ತಂದು ಕಿಟಕಿಗೆ ಹಿಡಿದರು. ಚಹಾದ ಬಣ್ಣ ಇರಬೇಕಾದದ್ದು ಬರೀ ನೀರಿನ ಹಾಗೆ ಕಂಡಿತು. ನಾನು ಹನುಮಂತಪ್ಪನನ್ನು ಕರೆದೆ. ಅವನು ಬಾಟಲಿಯನ್ನೂ ನನ್ನನ್ನೂ ನೋಡಿ ತಲೆ ತಗ್ಗಿಸಿದ.

"ಮಾರ್ಚಿನಾಗ ಸ್ಟಾಕ್ ನೋಡಾಕ ಬರ್ತಾರಲ್ರಿ ಮೇಡಂ. ಬಾಟಲಿ ತಳಾ ಕಂಡ್ರ ಎಲ್ಲಿ ಹೋತು ಅಂತ ಬೈತಾರ. ಅದಕ್ಕ ವರ್ಷಾ ಒಂದೀಟು ನೀರು ಹಾಕಿ ಕಂಠದಮಟ ಮಾಡ್ತಿದ್ನಿ."

"ಎಷ್ಟು ವರ್ಷಾತು?"

"ನಾಕೋ ಐದೋ ಆಗಿರಬೇಕ್ರಿ."

ನಾಲ್ಕೈದು ವರ್ಷ ನೂರಾರು ಹುಡುಗರು ನೀರಾಗುತ್ತ ಹೋದ ದ್ರಾವಣವನ್ನು ಹಾಕಿ, ಕಡುನೀಲಿ ಬಂತೆಂದು ಬರೆದಿದ್ದರು. ಪ್ರತಿಯೊಂದರ ಕೆಳಗೂ ನನ್ನ ಸಹಿ. ಹನುಮಂತಪ್ಪನನ್ನು ಬೈದು ಏನು ಪ್ರಯೋಜನ? ಅವನು ಬಾಟಲಿಗೆ ಮಾಡಿದ್ದನ್ನೇ ನಾನು ರೆಕಾರ್ಡಿಗೆ ಮಾಡಿದ್ದೆ. ಆದರೂ ಬೈದೆ.

ಪರೀಕ್ಷಕರು ಮೆಡಿಕಲ್ ಶಾಪಿನಿಂದ ಗಾಯಕ್ಕೆ ಹಚ್ಚುವ ಅಯೋಡಿನ್ ತರಿಸಿ, ಪಂಪಾಪತಿಗೆ ಪರೀಕ್ಷೆ ಮತ್ತೆ ಮಾಡಲು ಹೇಳಿದರು. ಟ್ಯೂಬು ಕಪ್ಪುನೀಲಿಯಾಯಿತು. ಅವನು ಮೊದಲ ಸಲ ನೋಡುತ್ತಿದ್ದವನಂತೆ ಬಾಯಿ ತೆರೆದುಕೊಂಡು ನೋಡಿದ. ನಿಜಕ್ಕೂ ಮೊದಲ ಸಲವೇ.

"ಇಷ್ಟು ಮಂದ್ಯಾಗ ಯಾರೂ ಇದನ್ನ ಹೇಳ್ಲಿಲ್ಲೇನ್ರಿ ಮೇಡಂ?" ಎಂದು ಪರೀಕ್ಷಕರು ನನ್ನನ್ನು ಕೇಳಿದರು.

"ಒಬ್ಬಾಕಿ ಹೇಳಿದ್ಲು. ಆಕಿ ರೆಕಾರ್ಡಿಗೆ ನಾ ಸಹಿ ಹಾಕಿಲ್ಲ."

ಅವರು ಕನ್ನಡಕ ತೆಗೆದು ಒರೆಸಿದರು. ಆಗ ಹನ್ನೊಂದೂವರೆ. "ಎರಡನೇ ಬ್ಯಾಚು ಎರಡೂವರಿಗೆ ಐತಿ. ಫೋನ್ ಮಾಡಿ ಕರಸ್ರಿ. ನೀವು ಸಹಿ ಹಾಕ್ರಿ, ನಾ ಪರೀಕ್ಷೆ ತಗೋತೀನಿ."

ಆಗಲಿ ಎಂದೆ. ಫೋನು ಪರ್ಸಿನಲ್ಲಿತ್ತು. ಅವಳ ನಂಬರೂ ಇತ್ತು. ವಡ್ಡು ಎಲ್ಲಿ, ಹೊಸಪೇಟೆ ಎಲ್ಲಿ ಎಂದುಕೊಂಡೆ. ಇಷ್ಟು ಹೊತ್ತಿಗೆ ಡ್ಯೂಟಿಗೆ ಹೋಗಿರುತ್ತಾಳೆ, ರಜೆ ಸಿಗುವುದಿಲ್ಲ, ಸಿಕ್ಕರೂ ಪಾಪಿನಾಯಕನಹಳ್ಳಿ ಹತ್ತಿರ ಅದಿರು ಲಾರಿಗಳ ಸಾಲಿನಲ್ಲಿ ಸಿಕ್ಕಿಬೀಳುತ್ತಾಳೆ ಎಂದುಕೊಂಡೆ. ಇವೆಲ್ಲ ನೆಪ. ಇನ್ನೂ ಮೂರು ಗಂಟೆ ಹೊತ್ತಿತ್ತು, ಅಣ್ಣನ ಬೈಕಿತ್ತು, ಬರಬಹುದಿತ್ತು. ಫೋನ್ ಮಾಡಿದರೆ ಮೊದಲ ಮಾತು ನನ್ನದೇ ತಪ್ಪು ಅನ್ನಬೇಕಿತ್ತು. ಅದು ಬಾಯಿಗೆ ಬರಲಿಲ್ಲ. ಒಬ್ಬ ವಿದ್ಯಾರ್ಥಿನಿಗೆ ಆ ಮಾತು ಹೇಳುವುದು ನನಗೆ ಸಾವಿನಷ್ಟು ಕಷ್ಟವಾಯಿತು.

ಹನುಮಂತಪ್ಪ ಬಾಗಿಲಿಗೆ ಬಂದ. "ಮೇಡಂ, ಆ ಹುಡುಗಿಗೊಂದು ಫೋನ್ ಹಚ್ರಲ್ಲ."

"ನಿನ್ನ ಕೆಲಸ ನೋಡ್ಕೋ. ನೀರು ಹಾಕಿದ್ದು ಸಾಕು."

ಹೋದ. ಮತ್ತೆರಡು ಸಲ ಬಂದು ಬಾಗಿಲಲ್ಲಿ ನಿಂತು, ಏನೂ ಹೇಳದೆ ಹೋದ. ನಾನು ಡಬ್ಬಿ ಬಿಚ್ಚಿ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರನ್ನ ಊಟ ಮಾಡಿದೆ. ಏನು ತಿಂದೆ ಎಂಬುದು ಇಂದಿಗೂ ನೆನಪಿದೆ. ಎರಡೂವರೆಗೆ ಪರೀಕ್ಷಕರು ಕೇಳಿದರು, "ಬಂದ್ಲೇನ್ರಿ?"

"ಫೋನ್ ಹತ್ತವಲ್ದ್ರಿ," ಅಂದೆ.

ಶಿವಲೀಲಾ ಆರು ತಿಂಗಳ ನಂತರದ ಪರೀಕ್ಷೆಯಲ್ಲಿ ಪ್ರಾಕ್ಟಿಕಲ್ ಮುಗಿಸಿದಳು. ಅಷ್ಟು ಹೊತ್ತಿಗೆ ಹೊಸ ಅಯೋಡಿನ್ ಬಂದಿತ್ತು. ಅದೇ ಹಾಳೆಯ ಕೆಳಗೆ ತಾರೀಕು ಹಾಕಿ, "ಹೊಸ ದ್ರಾವಣದಲ್ಲಿ ಕಡುನೀಲಿ ಬಂತು" ಎಂದು ಬರೆದಿದ್ದಳು. ನಾನು ಅದರ ಕೆಳಗೆ ಸಹಿ ಹಾಕಿದೆ. ಆದರೆ ಆ ವರ್ಷದ ಎಂಟ್ರೆನ್ಸ್ ಮುಗಿದುಹೋಗಿತ್ತು. ಅದು ವರ್ಷಕ್ಕೊಂದೇ. ಉಳಿದದ್ದು ಎರಡನೆಯ ವರ್ಷದ ಒಂದೇ ಅವಕಾಶ. ಬರೆದಳು. ಸ್ವಲ್ಪದರಲ್ಲಿ ಸೀಟು ತಪ್ಪಿತು.

ಫಲಿತಾಂಶ ಬಂದ ವಾರ ನನ್ನ ಪುಸ್ತಕವೊಂದನ್ನು ಮರಳಿಸಲು ಮನೆಗೆ ಬಂದಳು. ರಟ್ಟು ಹಾಕಿ, ಒಂದು ಮಡಿಕೆಯೂ ಇಲ್ಲದ ಹಾಗೆ ಇಟ್ಟುಕೊಂಡಿದ್ದಳು. ಕೂರಿಸಿ ಮಂಡಕ್ಕಿ, ಚಹಾ ಕೊಟ್ಟೆ.

"ಇನ್ನೊಮ್ಮೆ ಬರಿಯವ್ವಾ. ಬರ್ತೈತಿ ನಿನಗ," ಅಂದೆ.

"ಎರಡು ವರ್ಷ ಮುಗದ್ವಲ್ರಿ ಮೇಡಂ."

ಅಷ್ಟೇ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಮದುವೆಗೆ ಕರೆದಳು. ಮೊಣಕಾಲು ನೋವೆಂದು ಹೇಳಿ ನಾನು ಹೋಗಲಿಲ್ಲ. ಮದುವೆಯಾದ ಮೇಲೂ ಅದೇ ಅದಿರಿನ ಲ್ಯಾಬಿನಲ್ಲಿದ್ದಾಳೆ, ಅಲ್ಲೀಗ ಅವಳದೇ ಮೇಲ್ವಿಚಾರಣೆ ಎಂದು ಕೇಳಿದ್ದೇನೆ.

ಆಮೇಲೆ ನಾನು ಕೆಲಸದ ರೀತಿ ಬದಲಿಸಿದೆ. ನನ್ನ ಕಣ್ಣೆದುರು ಮಾಡದ ಯಾವ ಪ್ರಯೋಗಕ್ಕೂ ಸಹಿ ಹಾಕಲಿಲ್ಲ. ಬಣ್ಣ ಬರದಿದ್ದರೆ ಬರಲಿಲ್ಲ ಎಂದೇ ಬರೆಯಿರಿ, ಅದಕ್ಕೂ ಅಂಕವಿದೆ ಎಂದು ಹೇಳುತ್ತಿದ್ದೆ. ಪ್ರಿನ್ಸಿಪಾಲರು ಗೊಣಗಿದರು, ಪರೀಕ್ಷೆಗೆ ಮುಂಚಿನ ತಿಂಗಳು ನನ್ನ ಊಟ ನಿದ್ದೆ ಕೆಟ್ಟಿತು. ಹೊಸಬರಾದ ನಿಮಗೆ ಇದನ್ನೇ ಹೇಳಿ ಮುಗಿಸಬಹುದಿತ್ತು. ತಪ್ಪು ಮಾಡಿದೆ, ತಿದ್ದಿಕೊಂಡೆ ಎಂದು. ನಾನೂ ಬಹಳ ದಿನ ಹಾಗೇ ಸಮಾಧಾನ ಮಾಡಿಕೊಂಡಿದ್ದೆ. ಆವತ್ತು ಫೋನ್ ಮಾಡಿದ್ದರೂ ಅಷ್ಟು ದೂರದಿಂದ ಅವಳು ಬಂದು ಮುಟ್ಟುತ್ತಿದ್ದಳೋ ಇಲ್ಲವೋ, ಯಾರು ಕಂಡಿದ್ದಾರೆ?

ನನ್ನ ಬೀಳ್ಕೊಡುಗೆಗೆ ಹನುಮಂತಪ್ಪ ಕಂಪ್ಲಿಯಿಂದ ಬಂದಿದ್ದ. ಅವನು ಎರಡು ವರ್ಷ ಮೊದಲೇ ನಿವೃತ್ತನಾಗಿದ್ದ. ಭಾಷಣಗಳೆಲ್ಲ ಮುಗಿದು, ಜನ ಚದುರಿದ ಮೇಲೆ ಲ್ಯಾಬಿನಲ್ಲಿ ನಾವಿಬ್ಬರೇ ಉಳಿದೆವು. ಶಿವಲೀಲಾಳ ಮಾತು ನಾನೇ ತೆಗೆದೆ.

"ಒಂದು ಮಾತು ಹೇಳ್ತೀನ್ರಿ ಮೇಡಂ. ಬೈಬ್ಯಾಡ್ರಿ," ಅಂದ ಅವನು. "ಆವತ್ತು ಆಕಿ ವಡ್ಡಿನಾಗ ಇರ್ಲಿಲ್ರಿ. ಬೆಳಿಗ್ಗಿ ಎಂಟಕ್ಕ, ನೀವು ಒಳಗ ಹೋದ ಮ್ಯಾಲ ಬಂದು ನಮ್ಮ ಗೇಟಿನ ಹೊರಗ ಕುಂತಿದ್ಲು. ಹೆಸರಿಲ್ಲಂತ ವಾಚ್‌ಮನ್ ಒಳಗ ಬಿಡ್ಲಿಲ್ಲ. ರೆಕಾರ್ಡ್ ತೊಡಿ ಮ್ಯಾಲ ಇಟ್ಕೊಂಡು ಸಂಜಿಮಟ ಕುಂತು, ನೀವು ಹೊರಗ ಬರೂ ಮುಂಚೆ ಎದ್ದು ಹೋದ್ಲು."

"ಮತ್ತ ನನಗ್ಯಾಕ ಹೇಳ್ಲಿಲ್ಲ?"

"ಮೂರು ಸಲ ಬಂದ್ನಲ್ರಿ. ನಿಮ್ಮ ಮಾರಿ ನೋಡಿ ಬಾಯಿ ಬರ್ಲಿಲ್ಲ. ಅದಕ್ಕ ಫೋನ್ ಹಚ್ರಿ ಅಂದೆ. ಆಕಿ ಫೋನ್ ಕೈಯಾಗ ಹಿಡ್ಕೊಂಡ ಕುಂತಿದ್ಲು."

ಅವನು ಬಸ್ಸಿಗೆ ಹೊತ್ತಾಯಿತೆಂದು ಹೊರಟ. ನಾನು ಲ್ಯಾಬಿಗೆ ಬೀಗ ಹಾಕಿ, ಬಾಗಿಲಿನಿಂದ ಗೇಟಿನವರೆಗೆ ಎಣಿಸುತ್ತ ನಡೆದೆ. ನೋವಿನ ಕಾಲಿನ ನನ್ನ ನಡಿಗೆಯಲ್ಲೂ ಅರವತ್ತೆರಡೇ ಹೆಜ್ಜೆ.